ಕುಂಟೆಬಿಲ್ಲೆಯ ಬೋಕಿಯಿಂದ ಬ್ರಹ್ಮಗಿರಿಯವರೆಗೆ: ಶಾಲೆಯಂಗಳದಲ್ಲೊಂದು ಉತ್ಖನನ

ಕುಂಟೆಬಿಲ್ಲೆ ಆಡಲು ಹೊರಟ ಮಕ್ಕಳು ಮೊದಲು ಹುಡುಕುವುದು ಒಂದು ಒಳ್ಳೆಯ ಬೋಕಿಯನ್ನು. ಒಡೆದ ಮಡಕೆಯ ಚೂರು ಸಿಕ್ಕರೆ ಅದರ ಅಂಚನ್ನು ಕಲ್ಲಿಗೆ ಉಜ್ಜಿ ದುಂಡಗೆ ಮಾಡಿಕೊಂಡು, ಅಂಗೈಯಲ್ಲಿಟ್ಟು ತೂಗಿ ನೋಡಿ, ಆಮೇಲೆ ನೆಲದ ಮೇಲೆ ಮನೆಗಳನ್ನು ಗೀಚುತ್ತಾರೆ. ಹೀಗೇ ಅಂಚು ಉಜ್ಜಿದ ಮಡಕೆ ಬಿಲ್ಲೆಗಳು ದೇಶದ ಎಷ್ಟೋ ಪ್ರಾಚೀನ ನೆಲೆಗಳ ಉತ್ಖನನದಲ್ಲಿ ಸಿಕ್ಕಿವೆ. ವರದಿಗಳಲ್ಲಿ ಅವಕ್ಕೆ ಆಟದ ಬಿಲ್ಲೆ ಎಂಬ ಹೆಸರೇ ನಿಂತಿದೆ. ಏಳನೆಯ ತರಗತಿಯ ಹುಡುಗಿಯ ಕೈಗೆ ಪುರಾತತ್ವದ ಪರಿಚಯ ಆಗಲೇ ಇದೆ ಎಂದಾಯಿತು. ಶಾಲೆ ಮಾಡಬೇಕಾದದ್ದು ಆ ಕೈಗೆ ಒಂದು ಕರಣೆ, ಒಂದು ಅಳತೆ ಟೇಪು, ಒಂದು ಪೆನ್ಸಿಲು ಕೊಡುವುದು.

ಮೂರರಲ್ಲಿ ಪೆನ್ಸಿಲಿಗೇ ಹೆಚ್ಚು ಕೆಲಸ. ಅಗೆದ ಪದರವನ್ನು ಮತ್ತೆ ಮೊದಲಿನಂತೆ ಜೋಡಿಸಲು ಯಾರಿಂದಲೂ ಆಗದು. ಮಣ್ಣಿನಿಂದ ಎತ್ತಿದ ವಸ್ತು ಎಷ್ಟು ಆಳದಲ್ಲಿತ್ತು, ಯಾವ ಬಣ್ಣದ ಮಣ್ಣಿನಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂಬುದನ್ನು ಆ ಕ್ಷಣದಲ್ಲೇ ಬರೆದಿಡದಿದ್ದರೆ ಉಳಿಯುವುದು ಒಂದು ಮಡಕೆ ಚೂರು ಮಾತ್ರ.

ಇದಕ್ಕೆ ಚಿತ್ರದುರ್ಗ ಜಿಲ್ಲೆಯಲ್ಲೇ ಸಾಕ್ಷಿಯಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನವನ್ನು ಗುರುತಿಸಿದರು. ಮುಂದೆ ಮೈಸೂರು ಸಂಸ್ಥಾನದ ಎಂ.ಎಚ್. ಕೃಷ್ಣ ಅಲ್ಲಿ ಉತ್ಖನನ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅದೇ ನೆಲವನ್ನು ಪದರ ಪದರವಾಗಿ ಬಿಡಿಸಿ, ತಳದಲ್ಲಿ ಕಲ್ಲು ಕೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾ ಸಮಾಧಿಗಳನ್ನು ಕಟ್ಟಿದ ಕಬ್ಬಿಣದ ಕಾಲದವರು, ಎಲ್ಲಕ್ಕೂ ಮೇಲೆ ಸಾತವಾಹನರ ಕಾಲದ ಊರು ಎಂದು ಮೂರು ಹಂತಗಳನ್ನು ತೋರಿಸಿದರು. ಕಾಲ ನಿರ್ಣಯಕ್ಕೆ ನೆರವಾದದ್ದು ಮಡಕೆ ಚೂರುಗಳೇ. ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ 1945ರಲ್ಲಿ ರೋಮನ್ ಮಡಕೆಗಳ ಜೊತೆಗೆ ಸಿಕ್ಕ, ಒಳಮೈಗೆ ಚುಕ್ಕಿ ಸಾಲು ಒತ್ತಿದ ನುಣುಪು ತಟ್ಟೆಗಳ ಚೂರುಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲೂ, ಅದೇ ಜಿಲ್ಲೆಯ ಚಂದ್ರವಳ್ಳಿಯಲ್ಲೂ ಕಂಡವು. ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸನ ನಾಣ್ಯವೂ ದೊರೆಯಿತು. ಮೇಲಿನ ಪದರಕ್ಕೆ ಹೀಗೊಂದು ಕಾಲ ಸಿಕ್ಕಿತು.

ತಳದ ಪದರದ ಬಗ್ಗೆ ವೀಲರ್ ಹಾಕಿದ ಲೆಕ್ಕ ಮಾತ್ರ ನಿಲ್ಲಲಿಲ್ಲ. ದಕ್ಷಿಣದ ನವಶಿಲಾಯುಗ ಅವರು ಎಣಿಸಿದ್ದಕ್ಕಿಂತ ಬಹಳ ಹಳೆಯದು, ಅದರ ಆರಂಭ ಕ್ರಿ.ಪೂ. 3000ದ ಸುಮಾರಿಗೆ ಹೋಗುತ್ತದೆ ಎಂದು ರೇಡಿಯೋ ಕಾರ್ಬನ್ ಪರೀಕ್ಷೆಗಳು ಆಮೇಲೆ ತೋರಿಸಿದವು. ಕಾಲದ ಲೆಕ್ಕ ತಿದ್ದಿಹೋಯಿತು, ಪದರಗಳ ಕ್ರಮ ಹಾಗೇ ಉಳಿಯಿತು. ಬರೆದಿಟ್ಟದ್ದು ಸರಿಯಿದ್ದುದರಿಂದಲೇ ಮುಂದಿನವರು ತಿದ್ದಲು ಸಾಧ್ಯವಾಯಿತು. ಮಕ್ಕಳಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಪರೀಕ್ಷೆಯವರೆಗೆ ನೆನಪಿರುತ್ತದೆ. ಕೈಯಲ್ಲಿ ಮಾಡಿಸಿದರೆ ಮರೆಯುವುದಿಲ್ಲ.

ಊರ ನೆಲಕ್ಕೆ ಕೈ ಹಾಕುವಂತಿಲ್ಲ

ಮೊದಲ ನಿಯಮ: ಶಾಲೆಯ ಹಿತ್ತಲನ್ನೇ ಅಗೆದು ನೋಡೋಣ ಎಂಬ ಉತ್ಸಾಹವನ್ನು ಅಲ್ಲಿಗೇ ತಡೆಯಬೇಕು. ಕರ್ನಾಟಕದಲ್ಲಿ ಎಷ್ಟೋ ಊರುಗಳು ಹಾಳೂರ ದಿಬ್ಬದ ಮೇಲೆ ಇಲ್ಲವೇ ಅದರ ಪಕ್ಕದಲ್ಲಿ ಬೆಳೆದಿವೆ, ಶಾಲೆಯ ಅಡಿಪಾಯದ ಕೆಳಗೇ ನಿಜವಾದ ಪದರಗಳಿರಬಹುದು. ಸಂರಕ್ಷಿತ ನೆಲೆಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಕೇಂದ್ರ ಕಾಯ್ದೆಯಂತೆಯೂ 1961ರ ರಾಜ್ಯ ಕಾಯ್ದೆಯಂತೆಯೂ ಅಪರಾಧ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ. ಆದ್ದರಿಂದ ಕಲಿಕೆಯ ಉತ್ಖನನ ನಡೆಯಬೇಕಾದದ್ದು ಹೊರಗಿನಿಂದ ತಂದು ತುಂಬಿದ ಮಣ್ಣಿನಲ್ಲಿ.

ಇನ್ನೊಂದು ಎಚ್ಚರಿಕೆ ಕಾಯ್ದೆಗಿಂತಲೂ ಮುಖ್ಯವಾದದ್ದು. ನಿಧಿಯಾಸೆಗೆ ವೀರಗಲ್ಲು ಕಿತ್ತವರು, ಗುಡಿಯ ಪೀಠ ಒಡೆದವರು ನಾಡಿನ ತುಂಬ ಇದ್ದಾರೆ. ಮಕ್ಕಳಿಗಾಗಿ ಹೂಳುವ ವಸ್ತುಗಳಲ್ಲಿ ಹೊಳೆಯುವ ಚಿನ್ನದ ಬಣ್ಣದ ಬಿಲ್ಲೆ, ಗಾಜಿನ ರತ್ನ, ಪೆಟ್ಟಿಗೆ ಇರಲೇಬಾರದು. ‘ಯಾರಿಗೆ ಮೊದಲು ಸಿಗುತ್ತದೋ ಅವರಿಗೆ ಬಹುಮಾನ’ ಎಂದುಬಿಟ್ಟರೆ ಮಕ್ಕಳು ಕಲಿಯುವುದು ನಿಧಿ ಹುಡುಕುವುದನ್ನು.

ಅಂಕಣ ಕಟ್ಟುವುದು

ಅಂಗಳದ ಒಂದು ಮೂಲೆಯಲ್ಲಿ, ಮಳೆನೀರು ನಿಲ್ಲದ ಕಡೆ, ಒಳಗಿನ ಅಳತೆ 2 ಮೀಟರ್ ಉದ್ದ, 2 ಮೀಟರ್ ಅಗಲ ಬರುವಂತೆ ಇಟ್ಟಿಗೆ ಜೋಡಿಸಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದರೆ ಅಂಕಣ ಸಿದ್ಧ. ತಳಕ್ಕೆ ಗೋಣಿಚೀಲ ಹಾಸಬೇಕು. ಮಕ್ಕಳು ಅದನ್ನು ಮುಟ್ಟಿದರೆ ಅಗೆತ ಮುಗಿಯಿತು ಎಂದು ತಿಳಿಯುತ್ತದೆ. ಒಳಗೆ 45 ಸೆಂಟಿಮೀಟರ್ ಮಣ್ಣು ತುಂಬಲು 1.8 ಘನ ಮೀಟರ್ ಬೇಕಾಗುತ್ತದೆ, ಒಂದು ಟ್ರ್ಯಾಕ್ಟರ್ ಲೋಡಿನೊಳಗೇ ಆಗಿಹೋಗುತ್ತದೆ. ಜಾಗವೇ ಇಲ್ಲದ ಪಟ್ಟಣದ ಶಾಲೆಗಳಲ್ಲಿ ತರಕಾರಿ ಮಂಡಿಯ ಪ್ಲಾಸ್ಟಿಕ್ ಕ್ರೇಟುಗಳಿಗೆ ಗೋಣಿ ಹಾಸಿ, ಗುಂಪಿಗೊಂದರಂತೆ ತುಂಬಿಕೊಳ್ಳಬಹುದು.

ಮೂರು ಬಣ್ಣದ ಮಣ್ಣು ಬೇಕು: ಕೆಂಪು ಮಣ್ಣು, ಬೂದಿ ಬೆರೆಸಿದ ಮಣ್ಣು, ಕಪ್ಪು ಎರೆಮಣ್ಣು ಇಲ್ಲವೇ ಮರಳು ಮಿಶ್ರಿತ ಮಣ್ಣು. ಒಂದೊಂದು ಪದರವೂ 15 ಸೆಂಟಿಮೀಟರ್. ಪ್ರತಿ ಪದರ ಹಾಕಿದ ಮೇಲೆ ನೀರು ಚಿಮುಕಿಸಿ, ಕಾಲಿನಿಂದ ತುಳಿದು, ಒಂದೆರಡು ದಿನ ಬಿಡಬೇಕು. ಅವಸರ ಮಾಡಿ ಒಂದೇ ದಿನದಲ್ಲಿ ತುಂಬಿದರೆ ಪದರಗಳು ಕಲಸಿಕೊಂಡು ಇಡೀ ಶ್ರಮ ವ್ಯರ್ಥವಾಗುತ್ತದೆ.

ಉಪಕರಣಗಳಿಗೆ ಅಂಗಡಿ ಅಂಗಡಿ ಅಲೆಯಬೇಕಿಲ್ಲ. ಗಾರೆ ಕೆಲಸದವರ ಸಣ್ಣ ಕರಣೆ, ರಸಮಟ್ಟ, ತೂಗುಗುಂಡು, ಬಣ್ಣ ಹಚ್ಚುವ ಬ್ರಷ್, ಮರಳು ಜರಡಿ, ಮಣ್ಣು ಹೊರಲು ಪುಟ್ಟಿ, ನಾಲ್ಕಾರು ಗೂಟ, ಸುತಲಿ ದಾರ. ಊರಿನ ಮೇಸ್ತ್ರಿಯನ್ನು ಅರ್ಧ ದಿನ ಕರೆಸಿದರೆ ರಸಮಟ್ಟ ಹಿಡಿಯುವುದನ್ನೂ, ಮೂಲೆಗೆ ಸರಿಯಾದ ಲಂಬಕೋನ ತರುವುದನ್ನೂ ಅವರು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳಿಕೊಡುತ್ತಾರೆ. ಒಂದು ಭುಜದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ ನಡುವಿನ ಓರೆ 5 ಅಡಿ ಬಂದರೆ ಮೂಲೆ ಸರಿ ಎಂಬ ಅವರ ಲೆಕ್ಕ ಪೈಥಾಗೊರಸನ ಪ್ರಮೇಯವೇ.

ಏನು ಹೂಳಬೇಕು

ಇಡೀ ಕೆಲಸದಲ್ಲಿ ಶಿಕ್ಷಕರ ಬುದ್ಧಿಗೆ ಹೆಚ್ಚು ಕೆಲಸವಿರುವುದು ಇಲ್ಲಿ. ವಸ್ತುಗಳನ್ನು ಅಲ್ಲಲ್ಲಿ ಎಸೆದು ಮುಚ್ಚಿದರೆ ಮಕ್ಕಳು ಓದಲು ಏನೂ ಇರುವುದಿಲ್ಲ. ಮೂರು ಕಾಲದ ಮೂರು ಮನೆಗಳ ಬದುಕನ್ನು ಹೂಳಬೇಕು.

ತಳದ ಪದರ ಹಳೆಯದು. ಕೈಯಿಂದ ತಟ್ಟಿ ಮಾಡಿದ ದಪ್ಪ ಮಡಕೆಯ ಚೂರುಗಳು, ನುಣುಪಾದ ಒಂದು ರುಬ್ಬುಗುಂಡು, ಒಲೆಯಂತೆ ಜೋಡಿಸಿದ ಮೂರು ಕಲ್ಲು, ನಡುವೆ ಇದ್ದಿಲು. ನಡುವಿನ ಪದರಕ್ಕೆ ಕುಂಬಾರರ ತಿಗರಿಯಲ್ಲಿ ತಿರುವಿದ ಮಡಕೆ, ತುಕ್ಕು ಹಿಡಿದ ಕುಡುಗೋಲಿನ ತುಂಡು (ಹರಿತ ತೆಗೆದದ್ದು), ಸುಟ್ಟ ಮಣ್ಣಿನ ಮಣಿಗಳು. ಮೇಲಿನ ಪದರಕ್ಕೆ ಮಂಗಳೂರು ಹೆಂಚಿನ ಚೂರು, ಕೈ ಕೊಯ್ಯದಂತೆ ಅಂಚು ಉಜ್ಜಿದ ಬಳೆ ತುಂಡುಗಳು, ಒಂದೆರಡು ನಾಣ್ಯ. ಇವೆಲ್ಲ ಇಂದಿನ ವಸ್ತುಗಳೇ ಆಗಿರಬೇಕು. ಹೊಲದಲ್ಲಿ ಸಿಕ್ಕ ನಿಜವಾದ ಹಳೆಯ ಬೋಕಿಗಳನ್ನು ತಂದು ಇದರಲ್ಲಿ ಬೆರೆಸಬಾರದು.

ಹೆಂಚು, ನಾಣ್ಯಗಳಿಂದ ಕಾಲದ ಲೆಕ್ಕ ಕಲಿಸಬಹುದು. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆದ್ದರಿಂದ ಅಂಥ ಹೆಂಚಿರುವ ಪದರ 1865ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಅದೇ ಪದರದಲ್ಲಿ ರೂಪಾಯಿ ಚಿಹ್ನೆಯ ನಾಣ್ಯ ಸಿಕ್ಕರೆ? ಆ ಚಿಹ್ನೆ ನಾಣ್ಯಗಳ ಮೇಲೆ ಬಂದದ್ದು 2011ರಲ್ಲಿ, ಪದರ ಅಲ್ಲಿಗೆ ಜಿಗಿಯುತ್ತದೆ. ಪಕ್ಕದಲ್ಲೇ ಅದೇ ವರ್ಷ ಚಲಾವಣೆ ನಿಂತ 25 ಪೈಸೆಯೂ ಇದ್ದರೆ ಮಕ್ಕಳ ನಡುವೆ ಒಳ್ಳೆಯ ವಾದ ಹುಟ್ಟುತ್ತದೆ. ಪದರಕ್ಕೆ ಕಾಲ ಹೇಳುವುದು ಅದರಲ್ಲಿನ ಎಲ್ಲಕ್ಕಿಂತ ಹೊಸ ವಸ್ತು ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ.

ಈಗ ಎರಡು ಒಗಟುಗಳು. ಮೊದಲನೆಯದು ಕಂಬದ ಕುಳಿ. ತಳದ ಪದರ ಗಟ್ಟಿಯಾದ ಮೇಲೆ ದಪ್ಪ ಬಿದಿರಿನ ಕೋಲನ್ನು ಅರ್ಧ ವೃತ್ತದ ಸಾಲಿನಲ್ಲಿ ಏಳೆಂಟು ಕಡೆ ಊರಿ, ಕಿತ್ತು, ಆ ಕುಳಿಗಳಿಗೆ ಕಪ್ಪು ಮಣ್ಣು ತುಂಬಬೇಕು. ಕರಣೆಯಿಂದ ನೆಲ ಕೆರೆದಾಗ ಕೆಂಪಿನ ಮೇಲೆ ಕಪ್ಪು ಚುಕ್ಕೆಗಳು ಏಳುತ್ತವೆ. ಮರ ಕೊಳೆತು ಹೋದರೂ ಗುಡಿಸಲಿನ ಗುರುತು ಮಣ್ಣಿನಲ್ಲಿ ಉಳಿಯುವುದು ಹೀಗೆ. ಕೃಷ್ಣಾ ಕಣಿವೆಯ ಉಟ್ನೂರಿನಲ್ಲಿ, ಈಗ ಅದು ತೆಲಂಗಾಣ, ಎಫ್.ಆರ್. ಆಲ್ಚಿನ್ 1957ರಲ್ಲಿ ಬೂದಿದಿಬ್ಬವನ್ನು ಅಗೆದಾಗ ಇಂಥ ಕುಳಿಗಳ ಸಾಲುಗಳೂ, ದನಗಳ ಗೊರಸಿನ ಅಚ್ಚುಗಳೂ ಕಂಡವು. ಹಂಪಿಯ ಬಳಿಯ ನಿಂಬಾಪುರದಲ್ಲಿ ಜನ ವಾಲಿಯನ್ನು ಸುಟ್ಟ ಬೂದಿ ಎಂದು ತೋರಿಸುವ ದಿಬ್ಬದಂಥವು ನವಶಿಲಾಯುಗದ ದನಗಾಹಿಗಳ ಹಟ್ಟಿಗಳಲ್ಲಿ ಕೂಡಿದ ಸಗಣಿ ಮತ್ತೆ ಮತ್ತೆ ಸುಟ್ಟು ಆದವು ಎಂಬ ತೀರ್ಮಾನಕ್ಕೆ ಆ ಕುಳಿ, ಗೊರಸುಗಳು ಬಲ ಕೊಟ್ಟವು.

ಎರಡನೆಯದು ಕಸದ ಗುಂಡಿ. ಎಲ್ಲ ತುಂಬಿದ ಮೇಲೆ ಮೇಲಿನಿಂದ ತಳದವರೆಗೆ ಒಂದು ಕಿರಿದಾದ ಗುಂಡಿ ತೋಡಿ, ಬೇರೆ ಬಣ್ಣದ ಮಣ್ಣಿನ ಜೊತೆ ಪೆನ್ನಿನ ಪ್ಲಾಸ್ಟಿಕ್ ಮುಚ್ಚಳವೊಂದನ್ನು ಆಳದಲ್ಲಿ ಹಾಕಿ ಮುಚ್ಚಬೇಕು. ಕಲ್ಲುಗುಂಡಿನ ಪಕ್ಕ ಪ್ಲಾಸ್ಟಿಕ್ ಕಂಡು ಮಕ್ಕಳು ಬೆರಗಾಗುತ್ತಾರೆ. ಗುಂಡಿಯ ಅಂಚನ್ನು ಗುರುತಿಸಿದ ಗುಂಪಿಗೆ ಉತ್ತರ ತಾನಾಗಿ ಹೊಳೆಯುತ್ತದೆ: ಆಳದಲ್ಲಿ ಸಿಕ್ಕಿದ್ದೆಲ್ಲ ಹಳೆಯದಲ್ಲ.

ಹೂಳಿದ್ದನ್ನೆಲ್ಲ ಶಿಕ್ಷಕರು ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಿಕೊಂಡು, ಆ ಹಾಳೆಯನ್ನು ಬಚ್ಚಿಡಬೇಕು.

ಅಗೆಯುವ ದಿನ

ಅಂಕಣವನ್ನು ದಾರದಿಂದ ನಾಲ್ಕು ಚೌಕ ಮಾಡಿ, ನಡುವೆ ಅಂಗೈಯಗಲದ ಬದು ಬಿಡಬೇಕು. ಹೊಲದ ಬದುವಿನಂತೆಯೇ ಇದು ಅಗೆಯದೆ ಉಳಿಯುವ ಗೋಡೆ, ಪದರಗಳು ಕಣ್ಣಿಗೆ ಕಾಣುವುದು ಇದರ ಮೈಮೇಲೆ. 1944ರಲ್ಲಿ ವೀಲರ್ ತಕ್ಷಶಿಲೆಯಲ್ಲಿ ತರಬೇತಿ ಶಾಲೆ ನಡೆಸಿ ಭಾರತದ ವಿದ್ಯಾರ್ಥಿಗಳಿಗೆ ಕಲಿಸಿದ ಕ್ರಮದಲ್ಲಿ ಚೌಕ, ಬದುಗಳೇ ಜೀವಾಳ.

ಚೌಕಕ್ಕೆ ಐವರು. ಒಬ್ಬರು ಅಗೆಯುವವರು, ಒಬ್ಬರು ಜರಡಿ ಹಿಡಿಯುವವರು, ಒಬ್ಬರು ಅಳೆಯುವವರು, ಒಬ್ಬರು ಬರೆಯುವವರು, ಇನ್ನೊಬ್ಬರು ಚಿತ್ರ ಬಿಡಿಸುವವರು. ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲಸ ಬದಲು. ಇಲ್ಲದಿದ್ದರೆ ಗಟ್ಟಿ ದನಿಯ ಹುಡುಗರು ಕರಣೆ ಹಿಡಿದು ಕೂರುತ್ತಾರೆ, ಬರೆಯುವ ಕೆಲಸ ಹುಡುಗಿಯರಿಗೇ ಉಳಿಯುತ್ತದೆ. ಇದನ್ನು ಮೊದಲೇ ತಡೆಯಬೇಕು.

ಅಳತೆಗೆ ಒಂದು ಶೂನ್ಯ ಬಿಂದು ಬೇಕು. ಕಟ್ಟೆಯ ಮೂಲೆಯಲ್ಲಿ ಒಂದು ಮೊಳೆ ಹೊಡೆದು, ಅದರಿಂದ ಮಟ್ಟವಾಗಿ ದಾರ ಎಳೆದು, ದಾರದಿಂದ ಕೆಳಕ್ಕೆ ಅಳೆದದ್ದೇ ಆಳ. ಮಣ್ಣಿನ ಮೇಲ್ಮೈಯಿಂದ ಅಳೆದರೆ ಅಗೆದಂತೆಲ್ಲ ಲೆಕ್ಕ ತಪ್ಪುತ್ತದೆ. ಕರಣೆಯನ್ನು ಚುಚ್ಚದೆ, ಅಂಚಿನಿಂದ ತನ್ನ ಕಡೆಗೆ ತೆಳ್ಳಗೆ ಕೆರೆಯಬೇಕು. ವಸ್ತು ಕಂಡ ಕೂಡಲೇ ಕೈ ಹಾಕಿ ಎಳೆಯುವುದು ಮಕ್ಕಳ ಸಹಜ ಆಸೆ. ಅಲ್ಲಿ ನಿಲ್ಲಿಸಿ, ಸುತ್ತಲ ಮಣ್ಣು ಬ್ರಷ್‌ನಿಂದ ಸರಿಸಿ, ಎರಡು ಬದಿಯಿಂದ ದೂರ ಅಳೆದು, ಆಳ ಅಳೆದು, ಪಕ್ಕದಲ್ಲಿ ಸ್ಕೇಲೂ ಉತ್ತರ ದಿಕ್ಕಿನ ಬಾಣವೂ ಇಟ್ಟು ಫೋಟೋ ತೆಗೆದು, ಆಮೇಲೆ ಎತ್ತಬೇಕು. ಎತ್ತಿದ್ದು ಚೀಟಿಯೊಡನೆ ಪೊಟ್ಟಣಕ್ಕೆ ಹೋಗಬೇಕು. ಚೀಟಿಯಲ್ಲಿ ಚೌಕ, ಪದರ, ಆಳ, ತಾರೀಖು, ಬರೆದವರ ಹೆಸರು.

ಇಂಗ್ಲೆಂಡಿನಲ್ಲಿ ಪುರಾತತ್ವಜ್ಞೆ ಕ್ಯಾರೆಂಜಾ ಲೂಯಿಸ್ 2005ರಿಂದ ಕೇಂಬ್ರಿಜ್ ವಿಶ್ವವಿದ್ಯಾಲಯದ ಮೂಲಕ ಶಾಲಾ ಮಕ್ಕಳ ಕೈಯಲ್ಲಿ ಹಳ್ಳಿಗಳ ಹಿತ್ತಲಲ್ಲಿ 1 ಮೀಟರ್ ಚೌಕದ ಗುಂಡಿಗಳನ್ನು ಅಗೆಸಿದಾಗಲೂ 10 ಸೆಂಟಿಮೀಟರಿಗೊಮ್ಮೆ ನಿಲ್ಲಿಸಿ ಬರೆಯುವುದೇ ಕಟ್ಟಳೆಯಾಗಿತ್ತು. ಅಲ್ಲಿನ ಕಾನೂನು ಬೇರೆ, ಆ ಶಿಸ್ತನ್ನು ಇಲ್ಲಿಗೆ ತಂದುಕೊಳ್ಳಲು ಅಡ್ಡಿಯಿಲ್ಲ.

ಬೋಕಿ ಓದುವ ಗಣಿತ

ಅಗೆತಕ್ಕಿಂತ ಸೊಗಸಾದ ಪಾಠ ಅದರ ಮರುದಿನದ್ದು. ಚೂರುಗಳನ್ನು ತೊಳೆದು ನೆರಳಲ್ಲಿ ಒಣಗಿಸಿ, ಬಾಯಂಚಿನವು, ಹೊಟ್ಟೆಯವು, ತಳದವು ಎಂದು ಬೇರ್ಪಡಿಸಬೇಕು. ಒಳಮೈಯಲ್ಲಿ ಸಮಾನಾಂತರ ಗೆರೆಗಳಿದ್ದರೆ ತಿಗರಿಯದು, ಬೆರಳಿನ ತಗ್ಗುಗಳಿದ್ದರೆ ಕೈಯದು. ಒಳಗೆ ಕಪ್ಪು ಹೊರಗೆ ಕೆಂಪು ಇದ್ದರೆ ಮಡಕೆಯನ್ನು ಬೋರಲು ಹಾಕಿ ಸುಟ್ಟಿರಬಹುದು. ಗಾಳಿ ತಾಗದ ಒಳಮೈ ಕಪ್ಪಾಗಿ, ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ. ಕಬ್ಬಿಣ ಯುಗದ ಸಮಾಧಿಗಳಲ್ಲಿ ದೊರೆಯುವ ಕಪ್ಪು-ಕೆಂಪು ಮಡಕೆಗಳಿಗೆ ಈ ವಿವರಣೆ ಬಹುಕಾಲದಿಂದ ಇದೆ. ಊರಲ್ಲಿ ಕುಂಬಾರರಿದ್ದರೆ ಅವರೊಡನೆ ಇದನ್ನು ಸುಟ್ಟೇ ನೋಡಬಹುದು.

ಒಂದು ಚೂರಿನಿಂದ ಇಡೀ ಮಡಕೆಯ ಬಾಯಿ ಎಷ್ಟು ಅಗಲವಿತ್ತು ಎಂದು ಹೇಳಬಹುದು. ದೊಡ್ಡ ಹಾಳೆಯ ಮೇಲೆ ಕೈವಾರದಿಂದ ಒಂದೇ ಕೇಂದ್ರದ ಸುತ್ತ 1 ಸೆಂಟಿಮೀಟರ್ ಅಂತರದಲ್ಲಿ ವೃತ್ತಗಳನ್ನು ಎಳೆದು, ಬಾಯಂಚಿನ ಚೂರನ್ನು ಬೋರಲು ಹಾಕಿ, ಅಂಚಿನ ಕೆಳಗೆ ಬೆಳಕು ನುಸುಳದಂತೆ ಓರೆ ಸರಿಪಡಿಸಿ, ಯಾವ ವೃತ್ತದ ಬಾಗಿಗೆ ಅದು ಕೂಡುತ್ತದೆ ಎಂದು ನೋಡಬೇಕು. 12 ಸೆಂಟಿಮೀಟರ್ ತ್ರಿಜ್ಯಕ್ಕೆ ಕೂತರೆ ಬಾಯಿ 24 ಸೆಂಟಿಮೀಟರ್. ಚೂರು 45 ಡಿಗ್ರಿ ಆವರಿಸಿದರೆ ಸಿಕ್ಕಿರುವುದು ಬಾಯಿಯ ಎಂಟನೇ ಒಂದು ಭಾಗ, ಅಂದರೆ ಶೇ 12.5. ಗಣಿತದ ಮೇಷ್ಟ್ರು ಈ ಒಂದು ತಾಸನ್ನು ತಮ್ಮದಾಗಿಸಿಕೊಂಡರೆ ವೃತ್ತದ ಪಾಠಕ್ಕೆ ಬೇರೆ ಉದಾಹರಣೆ ಬೇಕಾಗಲಾರದು.

ವಿಜ್ಞಾನದವರಿಗೂ ಪಾಲಿದೆ. ಹುರುಳಿ, ಹೆಸರು, ನವಣೆ ಕಾಳುಗಳನ್ನು ಬಾಣಲೆಯಲ್ಲಿ ಕಪ್ಪಾಗಿ ಇದ್ದಿಲಾಗುವವರೆಗೆ ಹುರಿದು, ಒಲೆಯ ಪಕ್ಕದ ಮಣ್ಣಿಗೆ ಮೊದಲೇ ಬೆರೆಸಿರಬೇಕು. ಆ ಮಣ್ಣನ್ನು ಒಣಗಿಸಿ ಬಕೆಟ್ ನೀರಿಗೆ ನಿಧಾನವಾಗಿ ಸುರಿದು ಮೆಲ್ಲಗೆ ಕದಡಿದರೆ ಮಣ್ಣು ತಳಕ್ಕಿಳಿಯುತ್ತದೆ, ಇದ್ದಿಲಾದ ಕಾಳುಗಳು ಹಗುರವಾಗಿ ತೇಲುತ್ತವೆ. ಮೇಲಿನ ನೀರನ್ನು ಹಳೆಯ ತೆಳು ಪಂಚೆಯಲ್ಲಿ ಸೋಸಿದರೆ ಅಂದಿನ ಅಡುಗೆ ಮನೆ ಕೈಗೆ ಬರುತ್ತದೆ. ಬಳ್ಳಾರಿ ಪಕ್ಕದ ಸಂಗನಕಲ್ಲು ಮುಂತಾದ ನೆಲೆಗಳ ಮಣ್ಣನ್ನು ಹೀಗೆ ತೇಲಿಸಿಯೇ ಡೋರಿಯನ್ ಫುಲ್ಲರ್ ಮತ್ತವರ ಜೊತೆಯವರು ನಾಲ್ಕು ಸಾವಿರ ವರ್ಷಗಳ ಹಿಂದಿನ ಹುರುಳಿ, ಹೆಸರು, ಕೊರಲೆಗಳನ್ನು ಗುರುತಿಸಿದ್ದು. ಮಧ್ಯಾಹ್ನದ ಸಾರಿನ ಹುರುಳಿಗೆ ಇಷ್ಟು ಹಳೆಯ ವಂಶಾವಳಿ ಇದೆಯೆಂದು ತಿಳಿದ ಮಗುವಿನ ಮುಖ ನೋಡಬೇಕು.

ಬೇಲಿಯಾಚೆ: ಊರವರಿಗೂ ಕೆಲಸವಿದೆ

ಶಾಲೆ ಬಿಟ್ಟು ದಶಕಗಳಾದವರು ಅಗೆಯದೆಯೂ ಕಲಿಯಬಹುದಾದದ್ದು ಊರಿನ ಕಲ್ಲುಗಳಿಂದ. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಹಳೆಯ ಮೈಸೂರು ಸೀಮೆಯ ಶಾಸನಗಳನ್ನು ತಾಲ್ಲೂಕುವಾರು ಕೊಡುತ್ತವೆ. ತಮ್ಮ ಊರಿನ ಹೆಸರು ಹುಡುಕಿ, ಆ ಕಲ್ಲು ಈಗಲೂ ಅಲ್ಲೇ ಇದೆಯೇ, ಚರಂಡಿಯ ಚಪ್ಪಡಿಯಾಗಿದೆಯೇ, ರಸ್ತೆ ಅಗಲೀಕರಣದಲ್ಲಿ ಮಾಯವಾಗಿದೆಯೇ ಎಂದು ನೋಡಿ ಬರುವುದೇ ಒಂದು ಭಾನುವಾರದ ಕೆಲಸ. ಬೆಂಗಳೂರಿನ ಮಿಥಿಕ್ ಸೊಸೈಟಿಯ ತಂಡ ಇದೇ ರೀತಿ ಕಲ್ಲುಗಳನ್ನು ಹುಡುಕಿ ಮೂರು ಆಯಾಮದ ಸ್ಕ್ಯಾನ್ ಮಾಡಿಡುತ್ತಿದೆ.

ಸವೆದ ಅಕ್ಷರ ಓದಲು ಸುಣ್ಣ, ವಿಭೂತಿ, ಮೈದಾ, ಎಣ್ಣೆ ಯಾವುದನ್ನೂ ಬಳಿಯಬಾರದು. ಸಂಜೆಯ ಓರೆ ಬಿಸಿಲಲ್ಲಿ, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಅಡ್ಡಡ್ಡ ಹಿಡಿದರೆ ಹಗಲಲ್ಲಿ ಕಾಣದ ಸಾಲುಗಳು ನೆರಳಾಗಿ ಎದ್ದು ನಿಲ್ಲುತ್ತವೆ. ಕಾಗದ ಒತ್ತಿ ಶಾಯಿಯಿಂದ ಪಡಿಯಚ್ಚು ತೆಗೆಯುವುದು ಇಲಾಖೆಯ ನುರಿತವರ ಕೆಲಸ. ಮಕ್ಕಳು ತಾವೇ ಸಿಮೆಂಟ್ ಹಲಗೆಯ ಮೇಲೆ ಕೊರೆದ ಅಕ್ಷರಗಳ ಮೇಲೆ ಅದನ್ನು ಅಭ್ಯಾಸ ಮಾಡಬಹುದು.

ಪ್ರವಾಸಕ್ಕೆ ಹೊರಟರೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯವನ್ನು ಮೊದಲಿಗಿಡಬೇಕು. 1863ರಲ್ಲಿ ಚೆನ್ನೈ ಬಳಿಯ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕಲ್ಲಿನ ಉಪಕರಣ ಗುರುತಿಸಿದ ಭೂವಿಜ್ಞಾನಿಯ ಹೆಸರು ಅದಕ್ಕಿದೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್‌ನ ಗುಡ್ಡದ ಮೇಲೆ ಜನ ಮೋರ್ಯರ ಮನೆ ಎನ್ನುವ ಕಲ್ಲುಮನೆಗಳ ಸಾಲಿದೆ. ಸಣ್ಣ ಮಕ್ಕಳ ತಂಡಕ್ಕೆ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದ ಆತಕೂರು ಶಾಸನ ಸಾಕು. ಕ್ರಿ.ಶ. 949ರ ಸುಮಾರಿನ ಆ ಕಲ್ಲಿನ ಮೇಲೆ ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ನೆನಪಿದೆ. ಶಿಕ್ಷಕರಿಗೆ ಮಾದರಿ ಬೇಕಿದ್ದರೆ ಚೆನ್ನೈಯ ಶರ್ಮಾ ಪರಂಪರೆ ಶಿಕ್ಷಣ ಕೇಂದ್ರವನ್ನು ನೋಡಬಹುದು. ಅತ್ತಿರಂಪಾಕ್ಕಂನ ಹಳೆ ಶಿಲಾಯುಗವನ್ನು ಅಧ್ಯಯನ ಮಾಡಿದ ಶಾಂತಿ ಪಪ್ಪು ಅವರ ತಂಡ ಅದೇ ವಿಷಯವನ್ನು ಶಾಲಾ ಮಕ್ಕಳ ಕೈಗೂ ತಲುಪಿಸುವ ಕಾರ್ಯಾಗಾರಗಳನ್ನು ನಡೆಸಿಕೊಂಡು ಬಂದಿದೆ.

ಮನೆಗೆ ಪಾಯ ತೆಗೆಯುವಾಗ, ಬಾವಿ ತೋಡುವಾಗ ನಿಜವಾದದ್ದೇ ಏನಾದರೂ ಸಿಕ್ಕರೆ? ಕೆಲಸ ಅಲ್ಲಿಗೇ ನಿಲ್ಲಿಸಬೇಕು. ತೊಳೆಯಬಾರದು, ಉಜ್ಜಬಾರದು, ಮನೆಗೆ ಒಯ್ಯಬಾರದು. ಇದ್ದ ಜಾಗದಲ್ಲೇ ಸ್ಕೇಲ್ ಇಟ್ಟು ಫೋಟೋ ತೆಗೆದು, ತಹಶೀಲ್ದಾರರಿಗೂ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೂ ತಿಳಿಸಬೇಕು. ನೆಲದಲ್ಲಿ ಸಿಕ್ಕ ನಿಧಿಯನ್ನು ಮುಚ್ಚಿಡುವಂತಿಲ್ಲ ಎಂದು ಕರ್ನಾಟಕದ 1962ರ ನಿಧಿ ಕಾಯ್ದೆ ಹೇಳುತ್ತದೆ. ಮಾಹಿತಿ ಕೊಟ್ಟರೆ ಜಮೀನೇ ಹೋಗುತ್ತದೆ ಎಂಬ ಭಯ ಹಳ್ಳಿಗಳಲ್ಲಿದೆ. ಆ ಭಯ ಕರಗಬೇಕಾದರೆ ಇಲಾಖೆಯವರೇ ಶಾಲೆಗೆ ಬಂದು ಊರವರೊಡನೆ ಕೂತು ಮಾತಾಡಬೇಕು. ನವೆಂಬರ್ 19ರಿಂದ 25ರವರೆಗಿನ ವಿಶ್ವ ಪರಂಪರೆ ಸಪ್ತಾಹ ಅದಕ್ಕೆ ಒಳ್ಳೆಯ ನೆಪ. ಮಳೆ ಕಳೆದು ಮಣ್ಣು ಹದವಾಗಿರುವ ಆ ದಿನಗಳೇ ಅಂಗಳದ ಅಗೆತಕ್ಕೂ ಸರಿಯಾದ ಕಾಲ.

ಅಂಕ ಕೊಡುವುದು ಹೇಗೆ

ಎಷ್ಟು ವಸ್ತು ಸಿಕ್ಕಿತು ಎಂಬುದಕ್ಕೆ ಅಂಕವಿಲ್ಲ. ಒಂದು ಗುಂಪು ಬರೆದ ಟಿಪ್ಪಣಿ ಪುಸ್ತಕವನ್ನು, ಆ ಚೌಕವನ್ನು ಕಂಡೇ ಇರದ ಇನ್ನೊಂದು ಗುಂಪಿಗೆ ಕೊಡಬೇಕು. ಅದನ್ನು ಓದಿ ಅವರು ಖಾಲಿ ಗ್ರಾಫ್ ಹಾಳೆಯ ಮೇಲೆ ಪ್ರತಿ ವಸ್ತುವನ್ನೂ ಅದರ ಜಾಗದಲ್ಲಿ ಗುರುತಿಸಬೇಕು. ಆಮೇಲೆ ಶಿಕ್ಷಕರು ಬಚ್ಚಿಟ್ಟ ಹಾಳೆ ಹೊರಗೆ ಬರುತ್ತದೆ. ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ, ಯಾರ ಬರವಣಿಗೆ ಎಷ್ಟು ಖಚಿತವಾಗಿತ್ತು ಎಂಬುದು ಯಾರೂ ಹೇಳದೆಯೇ ಕಾಣುತ್ತದೆ.

ಮುಂದಿನ ವರ್ಷದ ಕೆಲಸ ಮಕ್ಕಳದೇ. ಈ ಸಲ ಅಗೆದ ಎಂಟನೆಯ ತರಗತಿಯವರು ಒಂಬತ್ತಕ್ಕೆ ಬಂದ ಮೇಲೆ ಹೊಸ ಎಂಟನೆಯವರಿಗಾಗಿ ತಾವೇ ಒಂದು ಮನೆಯ ಕಥೆ ಕಟ್ಟಿ, ತಾವೇ ಮಣ್ಣು ತುಳಿದು, ಒಂದು ಮೋಸದ ಗುಂಡಿಯನ್ನೂ ತೋಡಿ ಹೂಳುತ್ತಾರೆ. ಎಲ್ಲಿ ಏನಿದೆ ಎಂದು ಬರೆದ ಹಾಳೆ ಅಂಟಿಸಿದ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯರ ಬೀರು ಸೇರುತ್ತದೆ.